ಪರ್ದಾಕ್ಕೂ ಧಕ್ಕೆಯಿಲ್ಲ, ಗಾಳಿಗೂ ತಡೆಯಿಲ್ಲ: ಮನೆಗೆ ಎಂಥ ಕಿಟಕಿ?

ಐ.ಡಿ.ಹಳ್ಳಿಯೂ ಸೇರಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಮನೆ ಕಟ್ಟಿಸುವಾಗ ನಾವು ಕಿಟಕಿಯ ಅಂದ, ಬೆಲೆ ನೋಡುತ್ತೇವೆ. ಅದು ಎಷ್ಟು ತೆರೆಯುತ್ತದೆಂದು ನೋಡುವುದಿಲ್ಲ. ಬೀದಿಗೆ ಒಳಗೆಲ್ಲ ಕಾಣುತ್ತದೆಂದು ಎಷ್ಟೋ ಮನೆಗಳಲ್ಲಿ ಕಿಟಕಿ ಮುಚ್ಚಿಯೇ ಇರುತ್ತದೆ. ಇದರ ತೊಂದರೆ ದಿನವಿಡೀ ಒಳಗಿರುವ ಹೆಂಗಸರು, ಹಸುಗೂಸುಗಳು, ವೃದ್ಧರಿಗೆ. ಗಾಳಿಯಾಡದ ಕೋಣೆಯಲ್ಲಿ ಒಲೆಯ ಹೊಗೆ ನಿಲ್ಲುತ್ತದೆ. ಕ್ಷಯರೋಗಿ ಕೆಮ್ಮಿದಾಗ ಹೊರಬಿದ್ದ ರೋಗಾಣುಗಳು ಗಂಟೆಗಟ್ಟಲೆ ತೇಲಾಡುತ್ತವೆ.

ಒಣ ಬಿಸಿ ಹವೆಯ ಕಡೆ ಕಿಟಕಿಯ ಅಳತೆ ನೆಲದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಿರಬಾರದೆಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ. 10 ಅಡಿಗೆ 12 ಅಡಿಯ ಕೋಣೆಗೆ 12 ಚದರ ಅಡಿ, ಅಂದರೆ 3 ಅಡಿ ಅಗಲ, 4 ಅಡಿ ಎತ್ತರದ ಒಂದು ಕಿಟಕಿ.

ಸ್ಲೈಡಿಂಗ್ ಕಿಟಕಿ: ಜಾಗ ತಿನ್ನುವುದಿಲ್ಲ, ಸೊಳ್ಳೆ ಜಾಲರಿ ಕೂರಿಸುವುದು ಸುಲಭ. ಆದರೆ ಎರಡು ಗಾಜಿನದಾದರೆ ಅರ್ಧ ಮಾತ್ರ ತೆರೆಯುತ್ತದೆ. 12 ಚದರ ಅಡಿಯಲ್ಲಿ ಗಾಳಿಗೆ ಸಿಗುವುದು 6. ತಳದ ಹಳಿಯಲ್ಲಿ ಧೂಳು ತುಂಬುತ್ತದೆ, ಆಗಾಗ ಒರೆಸಬೇಕು.

ಹೊರಕ್ಕೆ ತೆರೆಯುವ ಕಿಟಕಿ: ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ. ಕಿರಿದಾದ ಓಣಿಯಲ್ಲಿ ಓಡಾಡುವವರಿಗೆ ತಗಲದಂತೆ ನೋಡಿಕೊಳ್ಳಬೇಕು.

ಮೇಲೆರಡು, ಕೆಳಗೆರಡು ಬಾಗಿಲಿನ ಕಿಟಕಿ: ಹಳೆಯ ಮನೆಗಳಲ್ಲಿ ಇರುವಂಥದ್ದು. ಕಿಟಕಿ ನೆಲದಿಂದ 3 ಅಡಿ ಮೇಲೆ ಶುರುವಾದರೆ, ಕೆಳಗಿನ ಜೋಡಿ ಮುಚ್ಚಿದಾಗ 5 ಅಡಿಯವರೆಗೆ ಮರೆ. ಮನೆಯ ನೆಲ ಬೀದಿಗಿಂತ ಎತ್ತರವಿದ್ದರೆ ಹೋಗಿಬರುವವರಿಗೆ ಒಳಗು ಕಾಣದು. ಮೇಲಿನ ಜೋಡಿಯಿಂದ ಗಾಳಿ, ಬೆಳಕು ಬರುತ್ತವೆ. ಬೀದಿ ಬದಿಯ ಕೋಣೆಗೆ ಇದೇ ಒಳ್ಳೆಯದು.

ಮೇಲ್ಗಡೆ ಕೀಲಿದ್ದು ಕೆಳಭಾಗ ಹೊರಕ್ಕೆ ತಳ್ಳುವ ಕಿಟಕಿ: ಸ್ವಲ್ಪವೇ ತೆರೆಯುತ್ತದೆ, ಆದರೆ ಮಳೆ ಹನಿ ಒಳಗೆ ಬೀಳದು. ಬಚ್ಚಲುಮನೆಗೆ ಸಾಕು.

ಯಾವುದನ್ನೇ ಹಾಕಿಸಿ, ಗಾಳಿ ಒಳಬಂದ ಮೇಲೆ ಹೊರಹೋಗಲು ಎದುರು ಗೋಡೆಯಲ್ಲೂ ದಾರಿ ಬೇಕು. ಮುಂಗಾರಿನಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಬಿಸಿ ಗಾಳಿ ಮೇಲೇರುವುದರಿಂದ ಅಡುಗೆಮನೆಯಲ್ಲಿ ಸೂರಿನ ಹತ್ತಿರ ವೆಂಟಿಲೇಟರ್ ಇರಲಿ. ಬೇಸಿಗೆಯಲ್ಲಿ ಉರಿಬಿಸಿಲಿನ ಹೊತ್ತು ಮುಚ್ಚಿ, ಸಂಜೆಯಿಂದ ಬೆಳಗಿನವರೆಗೆ ತೆರೆದಿಡಿ. ಸೊಳ್ಳೆ ಜಾಲರಿ ಮರೆಯಬೇಡಿ. ಜಾಲರಿಗೆ ಧೂಳು ಕಟ್ಟಿದರೆ ಗಾಳಿ ಬಾರದು, ತೊಳೆಯುತ್ತಿರಿ.

ಕಿಟಕಿ ಔಷಧಿಗೆ ಬದಲಲ್ಲ. ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಅಲ್ಲಿ ಕ್ಷಯದ ಪರೀಕ್ಷೆ, ಔಷಧಿ ಎರಡೂ ಉಚಿತ.