ಏನಿಟ್ಟರೂ ನುಂಗುವ ಜಾಲ

ಮಷೀನ್ ಲರ್ನಿಂಗ್ ಕಲಿಯಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಇಳಿಸಿಕೊಳ್ಳುವ ಫೈಲು ‘ಎಮ್‌ನಿಸ್ಟ್’ ಸಂಗ್ರಹದ್ದು. ಯಾನ್ ಲೆಕುನ್, ಕೊರಿನಾ ಕಾರ್ಟೆಸ್, ಕ್ರಿಸ್ಟೋಫರ್ ಬರ್ಜಸ್ ಸೇರಿ ಅಣಿಗೊಳಿಸಿದ ಈ ಸಂಗ್ರಹದಲ್ಲಿ ಅಮೆರಿಕದ ಜನಗಣತಿ ಇಲಾಖೆಯ ನೌಕರರೂ ಹೈಸ್ಕೂಲು ಮಕ್ಕಳೂ ಕೈಯಲ್ಲಿ ಬರೆದ ಅಂಕಿಗಳಿವೆ. ತರಬೇತಿಯ ಚಿತ್ರಗಳಿರುವ ಫೈಲನ್ನು ಜಿಪ್ ಬಿಚ್ಚಿ ಅಳೆದರೆ 4,70,40,016 ಬೈಟ್. ಚಿತ್ರಗಳು 60,000. ಒಂದೊಂದರಲ್ಲೂ 28 ಅಡ್ಡಸಾಲು, 28 ಕಂಬಸಾಲು, ಪಿಕ್ಸೆಲ್‌ಗೆ ಒಂದು ಬೈಟ್. ಗುಣಿಸಿದರೆ 4,70,40,000 ಬರುತ್ತದೆ. ಮಿಕ್ಕ 16 ಬೈಟ್ ಯಾವುದು?

ಅದು ಫೈಲಿನ ಹೆಡರ್. ನಾಲ್ಕು ನಾಲ್ಕು ಬೈಟ್‌ಗಳ ನಾಲ್ಕು ಸಂಖ್ಯೆಗಳು ಅಲ್ಲಿವೆ: 2051, 60,000, 28, 28. ಮೊದಲನೆಯದು ಗುರುತಿನ ಸಂಖ್ಯೆ. ಒಳಗಿರುವುದು ಒಂದು ಬೈಟ್‌ನ ಬೆಲೆಗಳು, ಮೂರು ಆಯಾಮಗಳಲ್ಲಿ ಜೋಡಿಸಿದವು ಎನ್ನುವುದಕ್ಕೆ. ಮುಂದಿನವು ಎಷ್ಟು ಚಿತ್ರ, ಎಷ್ಟು ಸಾಲು, ಎಷ್ಟು ಕಂಬ ಎಂಬ ಲೆಕ್ಕ. ಅದಾದ ಮೇಲೆ ಪಿಕ್ಸೆಲ್‌ಗಳು ಒಂದರ ಬೆನ್ನಿಗೊಂದು ಬರುತ್ತವೆ, ಅಲ್ಪವಿರಾಮವಿಲ್ಲ, ಸಾಲು ಮುರಿಯುವುದಿಲ್ಲ, ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಯಿತು ಎನ್ನುವ ಗುರುತೂ ಇಲ್ಲ. ಎಲ್ಲಿ ಕತ್ತರಿಸಬೇಕು ಎನ್ನುವುದನ್ನು ಓದುವ ಪ್ರೋಗ್ರಾಮೇ ತಿಳಿದಿರಬೇಕು. ಬೈನರಿ ಫೈಲು ಎಂದರೆ ಇಷ್ಟೇ, ಸೊನ್ನೆಯಿಂದ 255ರವರೆಗಿನ ಸಂಖ್ಯೆಗಳ ಉದ್ದನೆಯ ಸಾಲು. ಅದು ಚಿತ್ರವೋ ಧ್ವನಿಯೋ ಎನ್ನುವುದು ಬರೆದವರಿಗೂ ಓದುವವರಿಗೂ ನಡುವಿನ ಕರಾರು.

ಕರಾರಿನ ಮೊದಲ ಷರತ್ತಿನಲ್ಲೇ ಅನೇಕರು ಎಡವುತ್ತಾರೆ. ಈ ಫೈಲಿನಲ್ಲಿ 60,000 ಎನ್ನುವುದು 0, 0, 234, 96 ಎಂಬ ನಾಲ್ಕು ಬೈಟ್‌ಗಳಾಗಿ ಕೂತಿದೆ. ದೊಡ್ಡ ಸ್ಥಾನದ ಬೈಟ್ ಮೊದಲು. ನಮ್ಮ ಹೆಚ್ಚಿನ ಲ್ಯಾಪ್‌ಟಾಪ್‌ಗಳ ಇಂಟೆಲ್ ಮಾದರಿಯ ಪ್ರೊಸೆಸರ್‌ಗಳ ರೂಢಿ ಇದಕ್ಕೆ ತದ್ವಿರುದ್ಧ, ಚಿಕ್ಕ ಸ್ಥಾನ ಮೊದಲು. ಕ್ರಮ ಯಾವುದೆಂದು ಹೇಳದೆ ಓದಿಸಿದರೆ ಅವೇ ನಾಲ್ಕು ಬೈಟ್‌ಗಳು 162 ಕೋಟಿ 59 ಲಕ್ಷಕ್ಕೂ ಹೆಚ್ಚು ಚಿತ್ರಗಳಿವೆ ಎನ್ನುತ್ತವೆ, 28 ಸಾಲುಗಳು 46 ಕೋಟಿ 97 ಲಕ್ಷ ಸಾಲುಗಳಾಗುತ್ತವೆ. ಅಷ್ಟು ಮೆಮೊರಿ ಕೇಳಿ ಪ್ರೋಗ್ರಾಮು ಅಲ್ಲೇ ನಿಂತುಹೋಗುತ್ತದೆ. ನನ್ನ ಪ್ರಕಾರ ಇದು ಒಳ್ಳೆಯ ತಪ್ಪು, ಏಕೆಂದರೆ ಕೂಡಲೇ ಗೊತ್ತಾಗುತ್ತದೆ. ಸದ್ದಿಲ್ಲದೆ ಒಳಗೆ ಹೋಗುವ ತಪ್ಪುಗಳೇ ಬೇರೆ.

ಹೆಡರ್ ಬಿಟ್ಟು ಓದಬೇಕೆನ್ನುವುದು ಮರೆತುಹೋಯಿತು ಅಂದುಕೊಳ್ಳಿ. ಮೊದಲ ಬೈಟ್‌ನಿಂದಲೇ ಚಿತ್ರಕ್ಕೆ 784 (28×28) ಬೈಟ್‌ನಂತೆ ಕತ್ತರಿಸಿದರೆ ಪ್ರತಿ ಚಿತ್ರವೂ 16 ಪಿಕ್ಸೆಲ್ ಬಲಕ್ಕೆ ಸರಿಯುತ್ತದೆ. ಬಲದ ಅಂಚಿನಾಚೆ ಹೋದ ಭಾಗ ಮುಂದಿನ ಸಾಲಿನ ಎಡಕ್ಕೆ ಬಂದು ಕೂರುತ್ತದೆ, ಅಂಕಿ ನಡುವೆ ಸೀಳಿ ಎರಡು ಬದಿಗೆ ಹಂಚಿಹೋಗುತ್ತದೆ. ಈ ಚಿತ್ರಗಳನ್ನು ನೋಡಿ ಅಂಕಿ ಗುರುತಿಸಲು ಕಲಿಯಬೇಕಾದ ನ್ಯೂರಲ್ ನೆಟ್‌ವರ್ಕ್, ಅಂದರೆ ಜಾಲ, ಇದಕ್ಕೆ ಹಟ ಮಾಡುತ್ತದೆಯೇ? ಇಲ್ಲ. ಎಲ್ಲ ಪಿಕ್ಸೆಲ್‌ಗಳಿಗೂ ನೇರ ಸಂಪರ್ಕವಿರುವ ಸಾದಾ ಜಾಲಕ್ಕೆ ಯಾವ ಪಿಕ್ಸೆಲ್ ಯಾವುದರ ಪಕ್ಕ ಇದೆ ಎನ್ನುವುದೇ ತಿಳಿಯದು. ಪ್ರತಿ ಸಲವೂ ಒಂದೇ ರೀತಿ ಸರಿದಿದ್ದರೆ ಸಾಕು, ಚೆನ್ನಾಗಿಯೇ ಕಲಿಯುತ್ತದೆ. ಪರೀಕ್ಷೆಯ ಫೈಲನ್ನೂ ಅದೇ ಪ್ರೋಗ್ರಾಮು ಓದುವುದರಿಂದ ಅಲ್ಲಿಯೂ ಒಳ್ಳೆಯ ಅಂಕ. ನಾಳೆ ಯಾರೋ ಮೊಬೈಲಿನಲ್ಲಿ ತೆಗೆದ ಸರಿಯಾದ ಚಿತ್ರ ಕೊಟ್ಟಾಗಲೇ ಬಣ್ಣ ಬಯಲಾಗುವುದು.

ಲೇಬಲ್‌ಗಳ ಕಥೆ ಇನ್ನೂ ಬಿಗಡಾಯಿಸಿದ್ದು. ಯಾವ ಚಿತ್ರ ಯಾವ ಅಂಕಿ ಎಂಬ ಉತ್ತರಗಳು ಬೇರೆ ಫೈಲಿನಲ್ಲಿವೆ, ಅದರ ಹೆಡರ್ 8 ಬೈಟ್ ಮಾತ್ರ. ಅಲ್ಲಿಯೂ ಅಭ್ಯಾಸಬಲದಿಂದ 16 ಬಿಟ್ಟರೆ ಮೊದಲ ಚಿತ್ರಕ್ಕೆ ಒಂಬತ್ತನೆಯದರ ಉತ್ತರ ಅಂಟಿಕೊಂಡು, ಕೊನೆಯವರೆಗೂ ಹಾಗೆಯೇ ಸಾಗುತ್ತದೆ. ಆಗಲಾದರೂ ಜಾಲ ಕಲಿಯಲಾರದೆ ಕೈಚೆಲ್ಲಬೇಕಲ್ಲವೇ? ಚಿಯುವಾನ್ ಝಾಂಗ್ ಮತ್ತು ಸಂಗಡಿಗರು 2017ರ ಐಸಿಎಲ್‌ಆರ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಈ ಭರವಸೆಯನ್ನೂ ಕಿತ್ತುಕೊಂಡಿತು. ಚಿತ್ರಗಳಿಗೆ ಬೇಕಾಬಿಟ್ಟಿ ಲೇಬಲ್ ಹಚ್ಚಿ ಕಲಿಸಿದರೂ ದೊಡ್ಡ ಜಾಲಗಳು ಅಷ್ಟನ್ನೂ ಬಾಯಿಪಾಠ ಮಾಡಿ ತರಬೇತಿಯಲ್ಲಿ ತಪ್ಪನ್ನು ಸೊನ್ನೆಗೆ ಇಳಿಸಿಬಿಟ್ಟವು. ತರಬೇತಿಯ ಗ್ರಾಫ್ ಇಳಿಯುತ್ತಿದೆ ಎಂದು ಖುಷಿಪಡುವವರು ಈ ಪ್ರಬಂಧವನ್ನೊಮ್ಮೆ ಓದಬೇಕು.

ಇನ್ನು ಬೈಟ್‌ನ ಚಿಹ್ನೆ. ಜಾವಾ ಭಾಷೆಯಲ್ಲಿ ಬೈಟ್ ಎಂದರೆ -128ರಿಂದ 127ರವರೆಗಿನ ಸಂಖ್ಯೆ. ಫೈಲಿನಲ್ಲಿ 255 ಎಂದಿದ್ದ ದಟ್ಟ ಮಸಿ ಅಲ್ಲಿ -1 ಆಗುತ್ತದೆ, ಅಂದರೆ ಖಾಲಿ ಹಿನ್ನೆಲೆಯ ಸೊನ್ನೆಗೆ ಅಂಟಿಕೊಂಡ ನೆರೆಮನೆ. 128 ಇದ್ದದ್ದು -128 ಆಗಿ ತೀರಾ ದೂರ ಹೋಗುತ್ತದೆ. ಮಸಿ ಎಷ್ಟು ದಟ್ಟವೋ ಅಷ್ಟು ದೊಡ್ಡ ಸಂಖ್ಯೆ ಎಂಬ ಕ್ರಮವೇ ಮುರಿಯಿತು. ಸರಿಯಾಗಿ ಓದಿದ ಬೈಟನ್ನು 255ರಿಂದ ಭಾಗಿಸಿ ಸೊನ್ನೆಗೂ ಒಂದಕ್ಕೂ ನಡುವೆ ತರುವುದು ವಾಡಿಕೆ. ಹಾಗೆ ಮಾಡಿದಾಗ ಒಂದು ಬೈಟ್ ನಾಲ್ಕು ಬೈಟ್‌ನ ದಶಮಾಂಶ ಸಂಖ್ಯೆಯಾಗಿ 47 ಎಂಬಿ ಫೈಲು ಮೆಮೊರಿಯಲ್ಲಿ 188 ಎಂಬಿ ಹಿಡಿಯುತ್ತದೆ. ಹೀಗಾಗಿ ತಿಳಿದವರು ಪೂರ್ತಿ ಫೈಲನ್ನು ಒಮ್ಮೆಗೇ ಹಿಗ್ಗಿಸದೆ, ಬ್ಯಾಚ್ ಬ್ಯಾಚಾಗಿ ಪರಿವರ್ತಿಸುತ್ತಾರೆ.

ಬಣ್ಣದ ಚಿತ್ರಗಳಿರುವ ಸಿಫಾರ್-10 ಸಂಗ್ರಹದ ಬೈನರಿ ಫೈಲಿನ ಏರ್ಪಾಡು ಬೇರೆ: ಒಂದು ಬೈಟ್ ಲೇಬಲ್, ಆಮೇಲೆ ಕೆಂಪಿನ 1,024, ಹಸಿರಿನ 1,024, ನೀಲಿಯ 1,024. ಇದನ್ನು ಪಿಕ್ಸೆಲ್‌ಗೆ ಮೂರು ಬಣ್ಣ ಒಟ್ಟಿಗಿವೆ ಎಂದು ತಿಳಿದು ಜೋಡಿಸಿದರೆ ಒಂದು ಕುದುರೆಯ ಜಾಗದಲ್ಲಿ ಮಾಸಲು ಬೂದುಬಣ್ಣದ ಒಂಬತ್ತು ಪುಟ್ಟ ಕುದುರೆಗಳು ಮೂರು ಸಾಲಾಗಿ ಕಾಣಿಸುತ್ತವೆ. ಕಂಡವರಿಗೆ ನಗು. ಜಾಲಕ್ಕೆ ಮಾತ್ರ ಅದೂ ಒಂದು ಕುದುರೆಯೇ.

ನಮ್ಮ ಅಂಕಿಗಳಿಗೂ ಇಂಥ ಸಂಗ್ರಹವೊಂದಿದೆ. ಸಂಶೋಧಕ ವಿನಯ್ ಉದಯ್ ಪ್ರಭು 2019ರಲ್ಲಿ ಹೊರತಂದ ‘ಕನ್ನಡ-ಎಮ್‌ನಿಸ್ಟ್’. ಬೆಂಗಳೂರಿನಲ್ಲಿ 65 ಸ್ವಯಂಸೇವಕರಿಗೆ 1,280 ಚೌಕಗಳಿರುವ ಎ3 ಹಾಳೆ ಕೊಟ್ಟು ೦ಯಿಂದ ೯ರವರೆಗೆ ಪ್ರತಿ ಅಂಕಿಯನ್ನು 128 ಸಲ ಬರೆಸಿ, ಸ್ಕ್ಯಾನ್ ಮಾಡಿ ಕತ್ತರಿಸಿದರು. ಗಾತ್ರ ಬೇಕೆಂದೇ ಮೂಲದಂತೆ 28ಕ್ಕೆ 28, ತರಬೇತಿಗೆ 60,000, ಪರೀಕ್ಷೆಗೆ 10,000. ಎಮ್‌ನಿಸ್ಟ್‌ಗೆ ಕಟ್ಟಿದ್ದ ಜಾಲವನ್ನು ಬದಲಿಸದೆ ಕನ್ನಡದ ಅಂಕಿ ಕಲಿಸಬಹುದು. ಕನ್ನಡ ಅಂಕಿಯ ರೂಢಿಯಿಲ್ಲದವರಿಂದ ಬರೆಸಿದ 10,240 ಚಿತ್ರಗಳೂ ಜೊತೆಗಿವೆ. ಅವುಗಳ ಮುಂದೆ ಜಾಲದ ಅಂಕ ಗಣನೀಯವಾಗಿ ಇಳಿಯುತ್ತದೆ. ಕನ್ನಡದ ೦ ಮತ್ತು ೧ ಅವಸರದ ಕೈಯಲ್ಲಿ ಎಷ್ಟು ಹತ್ತಿರ ಬರುತ್ತವೆ ಎನ್ನುವುದು ಹಳೆಯ ಲೆಕ್ಕದ ಪುಸ್ತಕ ನೋಡಿದವರಿಗೆ ಗೊತ್ತು. ಮನೆಯಲ್ಲೇ ಕಾಗದದ ಮೇಲೆ ಬರೆದು ಪ್ರಯೋಗ ಮಾಡುವವರಿಗೊಂದು ಕಿವಿಮಾತು: ಫೋಟೊದಲ್ಲಿ ಬಿಳಿ ಕಾಗದ 255ರ ಹತ್ತಿರ, ಮಸಿ ಸೊನ್ನೆಯ ಹತ್ತಿರ. ಈ ಸಂಗ್ರಹಗಳಲ್ಲಿ ಅದು ಉಲ್ಟಾ. 255ರಿಂದ ಕಳೆದು ಕೊಡದಿದ್ದರೆ ಉತ್ತರ ಬಾಯಿಗೆ ಬಂದಂತೆ ಬರುತ್ತದೆ.

ಚಿತ್ರವೇ ಅಲ್ಲದ ಫೈಲನ್ನೂ ಚಿತ್ರದಂತೆ ಓದಿಸಿದವರಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಓದಿದ ಬಿ.ಎಸ್. ಮಂಜುನಾಥ್ ಅವರ ಕ್ಯಾಲಿಫೋರ್ನಿಯಾದ ತಂಡ 2011ರಲ್ಲಿ ಕಂಪ್ಯೂಟರ್‌ಗೆ ಕಾಟ ಕೊಡುವ ಮಾಲ್‌ವೇರ್ ಫೈಲುಗಳ ಬೈಟ್‌ಗಳನ್ನು ಸಾಲಾಗಿ ಹರಡಿ ಬೂದುಬಣ್ಣದ ಚಿತ್ರ ಮಾಡಿತು. ಒಂದೇ ಕುಲದ ಮಾಲ್‌ವೇರ್‌ಗಳ ಚಿತ್ರಗಳು ಒಂದೇ ಥರ ಕಂಡವು. 25 ಕುಲಗಳ 9,458 ಮಾದರಿಗಳಲ್ಲಿ ಶೇಕಡಾ 98ರಷ್ಟು ಸರಿಯಾಗಿ ವಿಂಗಡಣೆಯಾದವು. 2017ರಲ್ಲಿ ಎಡ್ವರ್ಡ್ ರಾಫ್ ಮತ್ತು ಜೊತೆಗಾರರು ಸುಮಾರು 20 ಲಕ್ಷ ಬೈಟ್‌ಗಳವರೆಗೆ ಇಡೀ ಪ್ರೋಗ್ರಾಮ್ ಫೈಲನ್ನೇ ಜಾಲಕ್ಕೆ ಕೊಟ್ಟರು. ಅಲ್ಲಿ 255ರಿಂದ ಭಾಗಿಸುವ ಹಾಗಿಲ್ಲ. ಪ್ರೋಗ್ರಾಮಿನೊಳಗೆ 65 ಮತ್ತು 66 ಬೇರೆ ಬೇರೆ ಸಂಕೇತಗಳು, ಒಂದು ಇನ್ನೊಂದಕ್ಕಿಂತ ತುಸು ಹೆಚ್ಚು ಎಂಬ ಅರ್ಥವಿಲ್ಲ. ಆದ್ದರಿಂದ ಪ್ರತಿ ಬೈಟ್‌ಗೂ ಎಂಟು ಸಂಖ್ಯೆಗಳ ಒಂದು ಗುಚ್ಛವನ್ನು ಜಾಲವೇ ಕಲಿತುಕೊಳ್ಳುತ್ತದೆ. ಬರಹದ ಫೈಲಿಗೂ ಇದೇ ಮಾತು: ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಎಂದರೆ 224, 178, 149 ಎಂಬ ಮೂರು ಬೈಟ್, ‘ಕನ್ನಡ’ ಎಂದು ಬರೆಯಲು 15 ಬೈಟ್ ಬೇಕು.

ಕನ್ನಡದ ಹಸ್ತಪ್ರತಿ, ಧ್ವನಿ, ಕೈಬರಹ ಸಂಗ್ರಹಿಸುತ್ತಿರುವ ಕಾಲೇಜುಗಳಿಗೂ ಸಂಸ್ಥೆಗಳಿಗೂ ಒಂದು ವಿನಂತಿ. ಫೈಲಿನ ಜೊತೆಗೆ ಒಂದು ಪುಟದ ವಿವರಣೆ ಇಡಿ: ಹೆಡರ್ ಎಷ್ಟು ಬೈಟ್, ಬೈಟ್‌ಗಳ ಕ್ರಮ ಯಾವುದು, ಚಿಹ್ನೆ ಇದೆಯೋ ಇಲ್ಲವೋ, ಸೊನ್ನೆ ಎಂದರೆ ಕಾಗದವೋ ಮಸಿಯೋ. ಬಳಸುವವರು ತರಬೇತಿಗೆ ಕೈಹಾಕುವ ಮೊದಲು ಹತ್ತು ಚಿತ್ರಗಳನ್ನು ಲೇಬಲ್ ಸಮೇತ ಪರದೆಯ ಮೇಲೆ ತೆರೆದು ಕಣ್ಣಾರೆ ನೋಡಿ. ಹತ್ತು ನಿಮಿಷವೂ ಹಿಡಿಯದ ಕೆಲಸ ಅದು.