ಗೋಡೆ ಸೀಳಿದರೆ ಬಾಗಿಲು ಕೀಳಬೇಡಿ

ಕಲ್ಪನೆ: ಹೊಸ ಮನೆಯ ಗೋಡೆ ಸೀಳಿತೆಂದರೆ ವಾಸ್ತು ತಪ್ಪಿದೆ. ಬಾಗಿಲಿನ ದಿಕ್ಕು ಬದಲಿಸಿ, ಈಶಾನ್ಯಕ್ಕೆ ನೀರು ತಂದರೆ ಸೀಳು ನಿಲ್ಲುತ್ತದೆ.

ಸತ್ಯ: ಮನೆ ಎರಿ ಮಣ್ಣಿನ ಮೇಲೆ ನಿಂತಿದೆ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ.

ಇಷ್ಟು ಹೇಳಿದರೆ ಸಾಕಾಗಬೇಕಿತ್ತು. ಸಾಕಾಗುತ್ತಿಲ್ಲ. ವಿಜಯಪುರ ನಗರದ ಹೊಸ ಲೇಔಟುಗಳಿಂದ ಹಿಡಿದು ತಿಕೋಟಾ, ಬಬಲೇಶ್ವರ, ಕಾಖಂಡಕಿಯ ಪ್ಲಾಟುಗಳವರೆಗೆ, ಸಾಲ ಮಾಡಿ ಕಟ್ಟಿದ ಮನೆ ಎರಡನೇ ಬೇಸಿಗೆಗೆ ಬಿರುಕು ಬಿಟ್ಟರೆ ಇಂಜಿನಿಯರಿಗಿಂತ ಮೊದಲು ವಾಸ್ತುವಿನವರಿಗೆ ಫೋನ್ ಹೋಗುತ್ತದೆ. ಅವರು ಬಂದು ಗಟ್ಟಿಯಾಗಿ ನಿಂತಿದ್ದ ಗೋಡೆಯನ್ನು ಒಡೆಸಿ ಬೇರೆ ಕಡೆ ಚೌಕಟ್ಟು ಕೂಡಿಸುತ್ತಾರೆ, ಈಶಾನ್ಯದ ಮೂಲೆಯಲ್ಲಿ ಪಾಯಾಕ್ಕೆ ತಾಗಿಸಿ ನೀರಿನ ಟಾಕಿ ತೋಡಿಸುತ್ತಾರೆ. ಸೀಳಿಗೆ ಸಿಮೆಂಟ್ ತುಂಬಿ ಬಣ್ಣ ಬಳಿದದ್ದಾಗುತ್ತದೆ, ಪೂಜೆಯೂ ಆಗುತ್ತದೆ. ಮುಂದಿನ ಏಪ್ರಿಲ್‌ಗೆ ಗೋಡೆ ಮತ್ತೆ ಬಾಯಿ ಬಿಡುತ್ತದೆ.

ಇಷ್ಟು ಸಲ ಸುಳ್ಳಾದ ಮೇಲೂ ಈ ನಂಬಿಕೆ ಯಾಕೆ ಸಾಯುವುದಿಲ್ಲ? ಕಾರಣ ಪಂಚಾಂಗದಲ್ಲೇ ಇದೆ. ಕಾಖಂಡಕಿಯಲ್ಲಿ ಎತ್ತು ಓಡಿಸುವ ಕರಿ ನೋಡಲು ಪುಣೆ, ಬೆಂಗಳೂರು, ಗೋವಾದಲ್ಲಿ ದುಡಿಯುವವರು ಕಾರಹುಣ್ಣಿವೆಯ ಹೊತ್ತಿಗೆ ಊರಿಗೆ ಬರುತ್ತಾರೆ. ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟರೆ ಕಿಟಕಿಯ ಮೂಲೆಯಿಂದ ಸೂರಿನವರೆಗೆ ಸೀಳು, ಒಳಗೆ ಬೆರಳಿನ ಉಗುರು ಇಳಿಯುವಷ್ಟು. ಅದು ಜೂನ್ ತಿಂಗಳು. ನಾಲ್ಕು ತಿಂಗಳ ಬಿಸಿಲಿಗೆ ನೆಲ ಪೂರ್ತಿ ಒಣಗಿ, ಸೀಳು ವರ್ಷದಲ್ಲೇ ಅತಿ ಅಗಲವಾಗಿರುವ ಕಾಲ. ಗಾಬರಿಯಾಗಿ ವಾಸ್ತು ಕೇಳುತ್ತಾರೆ. ಬಾಗಿಲು ಸರಿಸುವ ಕೆಲಸ ಮುಗಿಯುವಷ್ಟರಲ್ಲಿ ಆಗಸ್ಟ್ ಬರುತ್ತದೆ, ನಂತರ ನಮ್ಮ ಜಿಲ್ಲೆಗೆ ಹೆಚ್ಚು ಮಳೆ ಕೊಡುವ ಸೆಪ್ಟೆಂಬರ್. ನೆಲ ಉಬ್ಬುತ್ತದೆ, ಸೀಳಿನ ಎರಡು ಅಂಚು ಹತ್ತಿರ ಬರುತ್ತವೆ. ದೀಪಾವಳಿಗೆ ಬಂದವರು ನೋಡಿದರೆ ಸೀಳು ಕೂದಲೆಳೆಯಷ್ಟು! ‘ಬಾಗಲಾ ಬದಲಿ ಮಾಡಿದ್ವಿ, ನೋಡ್ರಿ, ಮುಚ್ಚಿ ಬಿಟ್ಟದ’ ಎಂದು ಹತ್ತು ಜನರಿಗೆ ಹೇಳುತ್ತಾರೆ. ಕೆಲಸ ಮಾಡಿದ್ದು ಮಳೆ, ಹೆಸರು ಬಂದದ್ದು ಬಾಗಿಲಿಗೆ. ಮರುವರ್ಷ ಮತ್ತೆ ತೆರೆದರೆ ಅದು ಬೇರೆಯ ದೋಷ, ಅದಕ್ಕೆ ಬೇರೆಯ ಪರಿಹಾರ, ಬೇರೆಯ ಖರ್ಚು.

ಎರಿ ಮಣ್ಣು ಏನೆಂದು ಈ ಭಾಗದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳ ಮೇಲೆ ಮಳೆಯೇ ಇಲ್ಲದೆ ತೆನೆ ಕಟ್ಟುವುದು ಈ ಮಣ್ಣು ಹಿಡಿದಿಟ್ಟ ತೇವದಿಂದ. ಡೋಣಿ ಹೊಳೆಯ ದಂಡೆಯ ಎರಿ ಜೋಳಕ್ಕೆ ಹೆಸರಾದದ್ದೂ ಇದೇ ಗುಣದಿಂದ. ದಖ್ಖನ್ನಿನ ಕರಿಕಲ್ಲು ಲಕ್ಷಾಂತರ ವರ್ಷ ಸವೆದು ಆದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಅದರ ಕಣವೆಂದರೆ ಒಂದರ ಮೇಲೊಂದು ಒತ್ತಿ ಕೂತ ತೆಳು ಹಾಳೆಗಳು. ನೀರು ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಒಣಗಿದಾಗ ಹಾಳೆಗಳು ಮತ್ತೆ ಕೂಡುತ್ತವೆ. ಹಾಗೆ ತಳ್ಳುವ ಒತ್ತಡ ಚದರ ಮೀಟರಿಗೆ 20–30 ಟನ್‌ವರೆಗೂ ಹೋಗಬಹುದು. ಒಂದು ಅಂತಸ್ತಿನ ಮನೆಯ ಪಾಯಾ ಮಣ್ಣಿನ ಮೇಲೆ ಹೊರಿಸುವ ಭಾರ ಇದರ ಮುಂದೆ ಏನೂ ಅಲ್ಲ. ಅದಕ್ಕೇ ಮೂರಂತಸ್ತಿನ ಕಟ್ಟಡ ತಡೆದುಕೊಂಡ ಜಾಗದಲ್ಲಿ ಕಂಪೌಂಡ್ ಗೋಡೆ, ಸಣ್ಣ ಮನೆ, ಹಿತ್ತಲ ಪಾಯಖಾನೆ ಮೊದಲು ಸೀಳುತ್ತವೆ. ಹೊಲದಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುವ ನೆಲ, ಮೇಲೆ ಮನೆ ಬಂತೆಂದು ಸುಮ್ಮನೆ ಕೂಡುವುದಿಲ್ಲ.

ಇಡೀ ನೆಲ ಒಂದೇ ಸಮ ಏರಿ ಇಳಿದಿದ್ದರೆ ತೊಂದರೆ ಇರಲಿಲ್ಲ, ಮನೆಯೂ ಒಟ್ಟಾಗಿ ಏರಿ ಇಳಿಯುತ್ತಿತ್ತು. ಹಾಗಾಗುವುದಿಲ್ಲ. ಮನೆಯ ನಡುವಿನ ನೆಲಕ್ಕೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಅಲ್ಲಿ ತೇವ ಹೆಚ್ಚು ಬದಲಾಗುವುದಿಲ್ಲ. ಅಂಚಿನ ನೆಲ ಮಾತ್ರ ತೊಯ್ದು ಒಣಗುತ್ತಿರುತ್ತದೆ. ಬೇಸಿಗೆಯಲ್ಲಿ ಅಂಚು ಕುಸಿದರೆ ಗೋಡೆ ನಡುವೆ ಉಬ್ಬಿದಂತಾಗಿ ಸೀಳು ಮೇಲೆ ಅಗಲ, ಕೆಳಗೆ ಸಣ್ಣ. ನಡುವಿನ ನೆಲ ಕುಸಿದರೆ ಸೀಳು ಕೆಳಗೆ ಅಗಲ. ಬಾಗಿಲು, ಕಿಟಕಿಯ ಮೂಲೆಗಳು ಗೋಡೆಯ ಸೋತ ಜಾಗ, ಅಲ್ಲಿಂದಲೇ ಓರೆಯಾಗಿ ಶುರುವಾಗುತ್ತದೆ. ಗಿಲಾವಿನ ಮೇಲೆ ಜೇಡರ ಬಲೆಯಂತೆ ಕಾಣುವ ಕೂದಲೆಳೆ ಬಿರುಕು ಬೇರೆಯೇ ಸಂಗತಿ, ಅದು ನೀರುಣಿಸದೆ ಒಣಗಿಸಿದ ಗಿಲಾವಿನದು.

ಈಗ ಈಶಾನ್ಯದ ಟಾಕಿಗೆ ಬರೋಣ. ನನಗೆ ಅತಿ ಸಿಟ್ಟು ತರುವುದು ಇದು. ಎರಿ ಮಣ್ಣಿನಲ್ಲಿ ಮನೆಗೆ ಮಾಡಬಾರದ ಕೆಲಸ ಯಾವುದೆಂದರೆ ಒಂದು ಮೂಲೆಗೆ ಮಾತ್ರ ನೀರುಣಿಸುವುದು. ವಾಸ್ತುವಿನ ಪರಿಹಾರವೆಂದು ಮಾಡಿಸುವುದು ಸರಿಯಾಗಿ ಅದನ್ನೇ. ಇಟ್ಟಿಗೆಯ ಟಾಕಿ ವರ್ಷೊಪ್ಪತ್ತಿನಲ್ಲಿ ಜಿನುಗತೊಡಗುತ್ತದೆ, ಆ ಮೂಲೆಯ ಪಾಯಾ ಏಳುತ್ತದೆ, ಉಳಿದ ಮೂರು ಮೂಲೆ ಇದ್ದಲ್ಲೇ ಇರುತ್ತವೆ. ಇಲ್ಲದ ರೋಗಕ್ಕೆ ಔಷಧ ಕೊಟ್ಟು ಇಲ್ಲದಿದ್ದ ಸೀಳನ್ನು ತಂದದ್ದಾಯಿತು. ಬಚ್ಚಲ ನೀರನ್ನು ಗೋಡೆಯ ಬುಡದ ಬಾಳೆಗಿಡಕ್ಕೆ ಬಿಡುವುದು, ಮಾಳಿಗೆಯ ಮಳೆನೀರಿನ ಪೈಪನ್ನು ಪಾಯಾದ ಪಕ್ಕಕ್ಕೇ ಇಳಿಸುವುದು, ಇಂಗುಗುಂಡಿಯನ್ನು ಗೋಡೆಗೆ ಅಂಟಿಸಿ ತೋಡುವುದು, ಇವೂ ಅದೇ ಜಾತಿಯ ತಪ್ಪುಗಳು.

ಶಾಸ್ತ್ರದ ಹೆಸರು ಹೇಳುವವರಿಗೆ ಒಂದು ಮಾತು. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತು ಅಧ್ಯಾಯದಲ್ಲಿ ಮಣ್ಣಿನ ಪರೀಕ್ಷೆ ಇದೆ. ಮೊಳದುದ್ದ ಗುಂಡಿ ತೋಡಿ, ಅದೇ ಮಣ್ಣನ್ನು ತಿರುಗಿ ತುಂಬಿ, ಹೆಚ್ಚಾಯಿತೋ ಕಡಿಮೆಯಾಯಿತೋ ನೋಡು ಎನ್ನುತ್ತದೆ. ನೀರು ತುಂಬಿ ಎಷ್ಟು ಇಂಗಿತೆಂದು ನೋಡುವ ಕ್ರಮವೂ ಇದೆ. ಆ ಪರೀಕ್ಷೆಗಳು ಇವತ್ತಿಗೆ ಸಾಲುವುದಿಲ್ಲ, ಆದರೆ ನೆಲವನ್ನು ಮೊದಲು ನೋಡಬೇಕೆಂಬ ವಿವೇಕ ಅವರಿಗಿತ್ತು. ಕೈಯಲ್ಲಿ ದಿಕ್ಸೂಚಿ ಹಿಡಿದು ಬರುವ ಇಂದಿನ ಸಲಹೆಗಾರರಲ್ಲಿ ಗುದ್ದಲಿ ತರಿಸಿದವರನ್ನು ನಾನು ಕಂಡಿಲ್ಲ.

ಕಲ್ಪನೆ: ಹಳೆಯವರು ವಾಸ್ತು ನೋಡಿ, ಸುಣ್ಣಬೆಲ್ಲ ಹಾಕಿ ಕಟ್ಟುತ್ತಿದ್ದರು, ಗೋಲಗುಮ್ಮಟ ಅದಕ್ಕೇ ಗಟ್ಟಿ.

ಸತ್ಯ: ಸುಣ್ಣದ ಗಾರೆ ಸಿಮೆಂಟಿನಷ್ಟು ಬಿರುಸಲ್ಲ, ಸಣ್ಣಪುಟ್ಟ ಅಲುಗಾಟ ತಾಳಿಕೊಳ್ಳುತ್ತದೆ, ನಿಜ. ಆದರೆ 1916ರಲ್ಲಿ ಬಿಜಾಪುರದ ಸ್ಮಾರಕಗಳ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಗೋಲಗುಮ್ಮಟದ ಬಗ್ಗೆ ಎತ್ತಿ ಹೇಳಿದ್ದು ಅದರ ಪಾಯಾ ಬಂಡೆಯ ಮೇಲಿದೆ ಎಂಬುದನ್ನು. ಮಹಮ್ಮದ್ ಆದಿಲ್ ಶಾಹನ (1627–1656) ಕಟ್ಟಡಗಾರರು ಅಷ್ಟು ಭಾರದ ಗುಮ್ಮಟವನ್ನು ಬಂಡೆ ಸಿಕ್ಕಲ್ಲಿ ನಿಲ್ಲಿಸಿದ್ದರಿಂದ ಒಂದು ಬದಿ ಕುಸಿದು ಒಂದು ಬದಿ ನಿಲ್ಲುವ ಪ್ರಶ್ನೆ ಬರಲಿಲ್ಲ. ಸಾಮಾನ್ಯರೂ ಇದನ್ನೇ ಮಾಡಿದರು. ನಮ್ಮ ಹಳೆಯ ಊರುಗಳು ಬಹುಪಾಲು ದಿಬ್ಬದ ಮೇಲೆ, ಮಡ್ಡಿಯ ಮೇಲೆ ಇವೆ. ಎರಿಯನ್ನು ಬಿತ್ತಲಿಕ್ಕೆ ಬಿಟ್ಟು ಬೆಳೆ ಬಾರದ ಗರಸಿನ ನೆಲದಲ್ಲಿ ಜನ ವಾಸ ಮಾಡಿದರು. ಈಗ ಹೊಲವೇ ಲೇಔಟ್ ಆಗಿದೆ. ನಿನ್ನೆಯವರೆಗೆ ಜೋಳ, ಕಡಲೆ ಬೆಳೆದ ನೆಲಕ್ಕೆ ಸಿಮೆಂಟ್ ಕಲ್ಲು ನೆಟ್ಟು, ಸೈಟಿನ ನಂಬರ್ ಬರೆದು ಮಾರುತ್ತಾರೆ. ಮತ್ತೊಂದು ಸಂಗತಿ: ಕಲ್ಲು ಮಣ್ಣಿನ ಹಳೇ ಮನೆಗಳೂ ಸೀಳುತ್ತಿದ್ದವು. ಹಬ್ಬಕ್ಕೊಮ್ಮೆ ಗೋಡೆಗೆ ಮಣ್ಣು ಮೆತ್ತಿ ಸಾರಿಸುತ್ತಿದ್ದರಿಂದ ಕಾಣುತ್ತಿರಲಿಲ್ಲ.

ಹಳೇ ಮನೆಗೆ ಏನೂ ಆಗುವುದಿಲ್ಲ ಎಂಬ ಧೈರ್ಯವೂ ಒಳ್ಳೆಯದಲ್ಲ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನರನ್ನು ಕೊಂದದ್ದು ಭಾರದ ಮಣ್ಣಿನ ಮಾಳಿಗೆ ಹೊತ್ತ ಕಲ್ಲುಗೋಡೆಗಳೇ.

ಉಳಿದ ತಪ್ಪು ತಿಳಿವಳಿಕೆಗಳನ್ನು ಬೇಗ ಮುಗಿಸುತ್ತೇನೆ. ‘2021ರಿಂದ ಆಗಾಗ ನೆಲ ನಡುಗಿತಲ್ಲ, ಅದಕ್ಕೇ ಸೀಳಿತು’: ಋತು ನೋಡಿ ತೆರೆದು ಮುಚ್ಚುವ ಸೀಳು ಭೂಕಂಪದ್ದಲ್ಲ. ‘ಗೌಂಡಿ ಸಿಮೆಂಟ್ ಕಡಿಮೆ ಹಾಕಿದ’: ಹೆಚ್ಚು ಸಿಮೆಂಟ್ ಹಾಕಿದ ಗಿಲಾವ್ ಒಣಗುವಾಗ ಹೆಚ್ಚೇ ಬಿರುಕು ಬಿಡುತ್ತದೆ, ಪಾಯಾ ಏಳುವುದನ್ನಂತೂ ಯಾವ ಗಿಲಾವೂ ತಡೆಯದು. ‘ಪಾಯಾ ಹಾಕಿ ಒಂದು ಮಳೆಗಾಲ ಬಿಟ್ಟರೆ ನೆಲ ಕೂಡುತ್ತದೆ’: ತುಂಬಿದ ಸಡಿಲ ಮಣ್ಣು ಕೂಡುತ್ತದೆ, ಎರಿ ಪ್ರತಿ ವರ್ಷ ಹೊಸದಾಗಿ ಉಬ್ಬುತ್ತದೆ. ‘ಗುಂಡಿಗೆ ಉಸುಕು ತುಂಬಿದ್ದೇವೆ, ಚಿಂತಿಲ್ಲ’: ಉಸುಕಿನ ಗುಂಡಿ ಸುತ್ತಲಿನ ನೀರನ್ನೆಲ್ಲ ತಂದು ಪಾಯಾದ ಕೆಳಗೇ ನಿಲ್ಲಿಸುತ್ತದೆ. ‘ಮಣ್ಣು ಪರೀಕ್ಷೆ ಆಗಿದೆ, ಕಾರ್ಡ್ ಇದೆ’: ಅದು ಬೆಳೆಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್‌ನ ಲೆಕ್ಕ, ಮನೆಗೆ ಸಂಬಂಧವಿಲ್ಲ.

ಮನೆಗೆ ಬೇಕಾದ ಪರೀಕ್ಷೆ ಸರಳವಾಗಿದೆ. ಒಣಗಿಸಿ ಪುಡಿ ಮಾಡಿ ಸಣ್ಣ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಎರಡು ಗಾಜಿನ ಅಳತೆ ಕೊಳವೆಗೆ ಹಾಕುತ್ತಾರೆ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಭಟ್ಟಿ ಇಳಿಸಿದ ನೀರು. ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ತಳದಲ್ಲಿ ಕೂತೇ ಇರುತ್ತದೆ. ನೀರಿನಲ್ಲಿ ಅದು ಮೆತ್ತಗಾಗಿ ಗೆರೆಯಿಂದ ಗೆರೆಗೆ ಏರುವುದು ಕಣ್ಣಿಗೇ ಕಾಣುತ್ತದೆ. ಎಣ್ಣೆಯಲ್ಲಿ 12 ಮಿ.ಲೀ., ನೀರಿನಲ್ಲಿ 21 ಮಿ.ಲೀ. ನಿಂತರೆ ಉಬ್ಬು ಶೇಕಡ 75. ಶೇಕಡ 50 ದಾಟಿದರೆ ಮಾಮೂಲಿ ಪಾಯಾ ನಂಬಬಾರದು. ಭಾರತೀಯ ಮಾನಕ 2720ರ 40ನೇ ಭಾಗದಲ್ಲಿ ಈ ಕ್ರಮ ಇದೆ. ಸಿವಿಲ್ ವಿಭಾಗವಿರುವ ಇಂಜಿನಿಯರಿಂಗ್ ಕಾಲೇಜಿನ ಮಣ್ಣಿನ ಪ್ರಯೋಗಾಲಯದಲ್ಲಿ ಹುಡುಗರು ಕಲಿಯುವ ಪಾಠ ಇದು.

ಪರಿಹಾರವೂ ಹೊಸದಲ್ಲ. ಎರಿ ಮೂರ್ನಾಲ್ಕು ಅಡಿಯಷ್ಟೇ ಇದ್ದರೆ ಅದನ್ನು ದಾಟಿ ಗರಸು ಅಥವಾ ಕಲ್ಲು ಮುಟ್ಟಿ ಪಾಯಾ ಹಾಕಿ. ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಬಲ್ಬಿನ ಪೈಲುಗಳಿವೆ. ತೇವ ಏರಿಳಿಯುವ ಪದರ ದಾಟಿ ಕನಿಷ್ಠ 3.5 ಮೀಟರ್ ಇಳಿಯುವ ಕಾಂಕ್ರೀಟ್ ಕಂಬ, ಅದರ ತುದಿಯಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಉಬ್ಬು. ಮೇಲಿನ ತೊಲೆ ನೆಲಕ್ಕೆ ತಾಗಕೂಡದು. ಸುಮಾರು 8 ಸೆಂ.ಮೀ. ಸಂದು ಬಿಟ್ಟರೆ ಮಣ್ಣು ಉಬ್ಬಿದರೂ ತೊಲೆಯನ್ನು ಎತ್ತುವುದಿಲ್ಲ. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ಎರಿಯ ಮೇಲೆ ಉಬ್ಬದ ಅಂಟುಮಣ್ಣಿನ ಪದರ ಹಾಸಿ ದಮ್ಮಸು ಮಾಡುವ ಕ್ರಮವನ್ನು ದಶಕಗಳ ಹಿಂದೆಯೇ ತೋರಿಸಿದರು, ಕಾಲುವೆಗಳಿಗೆ ಅದು ಮಾನಕವೇ ಆಯಿತು. ಕಾಲುವೆ ಸೀಳಬಾರದೆಂದು ಸರ್ಕಾರ ಮಾಡುವ ಕೆಲಸವನ್ನು ಮನೆ ಕಟ್ಟುವವರು ಕೇಳಿಯೂ ಇಲ್ಲವೆಂದರೆ ಸಂಕಟವಾಗುತ್ತದೆ.

ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಒಣಗಿದ್ದ ನೆಲಕ್ಕೆ ಕೃಷ್ಣೆಯ ನೀರು ಬಂದದ್ದು ದೊಡ್ಡ ಭಾಗ್ಯ. ಜೊತೆಗೇ, ಗೋಡೆಯ ಪಕ್ಕದ ಹೊಲಕ್ಕೆ ನೀರು ಹಾಯತೊಡಗಿದರೆ ವರ್ಷಗಟ್ಟಲೆ ತೆಪ್ಪಗಿದ್ದ ಮನೆಯ ಒಂದು ಬದಿಯೂ ಏಳಬಹುದು. ಆಗಲೂ ದೋಷ ಹೊಸದಾಗಿ ಹುಟ್ಟುವುದಿಲ್ಲ, ನೀರು ಹೊಸದಾಗಿ ಬಂದಿರುತ್ತದೆ.

ನನ್ನ ಮೂಲ ದೂರು ವಾಸ್ತುವಿನವರ ಮೇಲೂ ಅಲ್ಲ. ಹೊಲ ಕೊಳ್ಳುವಾಗ ಹೆಂಟೆ ಮುರಿದು ನೋಡಿ ಇದು ಎರಿ, ಇದು ಮಸಾರಿ, ಇಲ್ಲಿ ಮೂರು ಅಡಿಗೆ ಗರಸು ಬರುತ್ತದೆ ಎಂದು ನಿಂತಲ್ಲೇ ಹೇಳುವ ಒಕ್ಕಲಿಗರ ಮಕ್ಕಳು ನಾವು. ಅದೇ ಜನ ಪ್ಲಾಟು ಕೊಳ್ಳುವಾಗ ಆ ಅರಿವನ್ನೆಲ್ಲ ಹೊಲದಲ್ಲೇ ಬಿಟ್ಟು ಬರುತ್ತೇವೆ. ಮೂಡಣ ಮುಖವೇ, ಮೂಲೆ ಬೆಳೆದಿದೆಯೇ, ಬೈಪಾಸಿಗೆ ಎಷ್ಟು ದೂರ ಎಂದು ಕೇಳುತ್ತೇವೆ, ಎರಿ ಎಷ್ಟು ಆಳ ಇದೆ ಎಂದು ಕೇಳುವುದಿಲ್ಲ. ಮೊಬೈಲಿನಲ್ಲಿ ಬಂದ ವಿಡಿಯೊ ನೋಡಿ ಅಡುಗೆಮನೆ ಒಡೆಯಲು ಒಂದು ಗಂಟೆ ಯೋಚಿಸುವುದಿಲ್ಲ, ಮಣ್ಣಿನ ಪರೀಕ್ಷೆಗೆ ಕೊಡುವ ಹಣ ದಂಡ ಎನ್ನುತ್ತೇವೆ. ಅಪ್ಪ ಅಮ್ಮ ದುಡಿದು ಕೂಡಿಟ್ಟ ದುಡ್ಡು ಹೀಗೆ ಎರಡೆರಡು ಸಲ ಗೋಡೆಗೆ ಸುರಿದು ಹೋಗುವುದನ್ನು ನೋಡಿಕೊಂಡು ಸುಮ್ಮನಿರಲಾಗುವುದಿಲ್ಲ.

ಮನೆ ಆಗಲೇ ಸೀಳಿದ್ದರೆ ಬಾಗಿಲಿನ ತಂಟೆಗೆ ಹೋಗಬೇಡಿ. ಸೀಳಿನ ಎರಡು ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ, ನಡುವಿನ ಅಗಲ ಅಳೆದಿಡಿ, ತಿಂಗಳಿಗೊಮ್ಮೆ ಒಂದು ವರ್ಷ ಹೀಗೇ ಮಾಡಿ. ಮಧ್ಯೆ ಬೇಸಿಗೆಯಲ್ಲಿ ಬಿರುಸು ಸಿಮೆಂಟ್ ತುಂಬಿದರೆ ಮಳೆಗಾಲಕ್ಕೆ ಮುಚ್ಚಲು ಜಾಗವಿಲ್ಲದೆ ಗೋಡೆ ಪಕ್ಕದಲ್ಲಿ ಒಡೆಯುತ್ತದೆ. ಅಷ್ಟರೊಳಗೆ ಮನೆಯ ಸುತ್ತ ಒಂದೂವರೆ ಮೀಟರ್ ಅಗಲ, ಪ್ಲಾಸ್ಟಿಕ್ ಹಾಳೆ ಹಾಸಿ, ಹೊರಗೆ ಇಳಿಜಾರಾಗಿ ಕಟ್ಟೆ ಮಾಡಿಸಿ. ಮಾಳಿಗೆಯ ನೀರನ್ನೂ ಬಚ್ಚಲ ನೀರನ್ನೂ ಪೈಪಿನಲ್ಲಿ ದೂರ ಒಯ್ಯಿರಿ. ಜಿನುಗುವ ಟಾಕಿ ಯಾವ ದಿಕ್ಕಿನಲ್ಲಿದ್ದರೂ ಖಾಲಿ ಮಾಡಿ, ಪಾಯಾದಿಂದ ದೂರಕ್ಕೆ ಸರಿಸಿ. ಗೋಡೆಗೆ ಹತ್ತಿ ಬೆಳೆಯುವ ಬೇವು, ಆಲದ ಸಸಿ ಇದ್ದರೆ ಎಳೆಯದಾಗಿದ್ದಾಗಲೇ ಕಿತ್ತು ಬೇರೆ ಕಡೆ ನೆಡಿ, ದೊಡ್ಡದಾದ ಮೇಲೆ ಬೇಸಿಗೆಯಲ್ಲಿ ಅದು ಪಾಯಾದ ಕೆಳಗಿನ ತೇವವನ್ನೂ ಹೀರುತ್ತದೆ. ಎರಡನೇ ಬೇಸಿಗೆಯಲ್ಲಿ ಅಳತೆ ಬೆಳೆಯದಿದ್ದರೆ ಗೌಂಡಿಯನ್ನು ಕರೆಸಿ ಸೀಳು ಹೊಲಿಸಿ. ಬೆಳೆದಿದ್ದರೆ ತಾರೀಕು ಬರೆದ ಆ ಅಳತೆಗಳ ಚೀಟಿಯನ್ನು ಸ್ಟ್ರಕ್ಚರಲ್ ಇಂಜಿನಿಯರ್ ಕೈಗೆ ಕೊಡಿ.