ಹತ್ತು ತಾಸಿನ ಓಟಕ್ಕೆ ಮೂವರು ಡ್ರೈವರು, ನಮ್ಮ ಲಾರಿಗೆ ಒಬ್ಬನೇ!

ದಸರಾ ಬಂತೆಂದರೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಜನ ಹರಿದು ಬರುತ್ತದೆ. ಮಾಲತೇಶಸ್ವಾಮಿಯ ಸನ್ನಿಧಿಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಒಂದೇ ಮಾತು. ಆ ಒಂದು ಮಾತಿನಲ್ಲಿ ಮುಂದಿನ ಮಳೆ, ಬೆಳೆ, ರಾಜಕಾರಣ ಎಲ್ಲವನ್ನೂ ಹುಡುಕಿಕೊಳ್ಳುವ ಕೆಲಸ ಜನರಿಗೆ ಬಿಟ್ಟದ್ದು. ಇತ್ತ ಪೇಟೆಯಲ್ಲಿ ಗ್ಯಾರೇಜುಗಳ ಮುಂದೆ ಇನ್ನೊಂದು ಹಬ್ಬ. ಲಾರಿ, ಟ್ರ್ಯಾಕ್ಟರು, ಟೆಂಪೋಗಳನ್ನೆಲ್ಲ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗೆ ಲಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದು ಪೂಜೆ ಮಾಡುತ್ತಾರೆ. ವರ್ಷವೆಲ್ಲ ದುಡಿದ ಗಾಡಿಗೆ ಅಂದು ರಜೆ.

ಗಾಡಿಗೇನೋ ರಜೆ ಸಿಕ್ಕಿತು. ಅದನ್ನು ಓಡಿಸುವವನಿಗೆ ವಿಶ್ರಾಂತಿ ಎಂದು?

ಈ ಪ್ರಶ್ನೆ ಎತ್ತಲು ಕಾರಣವಾದದ್ದು ಸಾತ್ ಸಮುದ್ರದಾಚೆಯ ಒಂದು ಕಾರ್ ರೇಸು. 2024ರಲ್ಲಿ ವಿಜಯದಶಮಿ ಬಿದ್ದದ್ದು ಅಕ್ಟೋಬರ್ 12ಕ್ಕೆ. ಸರಿಯಾಗಿ ಅದೇ ತಾರೀಕು ಅಮೆರಿಕದ ಜಾರ್ಜಿಯಾ ರಾಜ್ಯದ ಬ್ರೇಸಲ್ಟನ್ ಊರ ಹತ್ತಿರದ ರೋಡ್ ಅಟ್ಲಾಂಟಾ ಎಂಬ ಓಟದ ದಾರಿಯಲ್ಲಿ ಆ ದೇಶದ ಸ್ಪೋರ್ಟ್ಸ್ ಕಾರುಗಳ ವರ್ಷದ ಕೊನೆಯ ಓಟ ನಡೆಯಿತು. ಹೆಸರು 'ಪೆಟಿ ಲೆ ಮಾನ್'. ಫ್ರಾನ್ಸಿನಲ್ಲಿ 1923ರಿಂದ ನಡೆದು ಬಂದಿರುವ ಲೆ ಮಾನ್ 24 ತಾಸಿನ ಓಟಕ್ಕೆ ಇದು ತಮ್ಮನಿದ್ದಂತೆ. ಹೆಸರಿನ ಅರ್ಥವೂ ಅದೇ, ಪುಟ್ಟ ಲೆ ಮಾನ್. 1998ರಲ್ಲಿ ಡಾನ್ ಪ್ಯಾನೋಜ್ ಎಂಬ ಉದ್ಯಮಿ ಶುರು ಮಾಡಿದ್ದು.

ಓಟದ ಪರಿ

ಮೊದಲಿನ ಲೆಕ್ಕ ಹೀಗಿತ್ತು: ಸಾವಿರ ಮೈಲಿ, ಇಲ್ಲವೇ ಹತ್ತು ತಾಸು, ಯಾವುದು ಮೊದಲು ಮುಗಿಯುತ್ತದೋ ಅದು. ಆಮೇಲೆ ಹತ್ತು ತಾಸೆಂದೇ ಗೊತ್ತು ಮಾಡಿದರು. ಒಂದು ಸುತ್ತು 4 ಕಿ.ಮೀ. ಚಿಲ್ಲರೆ, ಅದರಲ್ಲಿ 12 ತಿರುವು, ಏರು ಇಳುಕಲು ಬೇರೆ. ಸಾವಿರ ಮೈಲಿಯಾಗಬೇಕಾದರೆ ನಾನೂರರ ಆಸುಪಾಸು ಸುತ್ತು ಹೊಡೆಯಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬೆಂಗಳೂರು ಬಿಟ್ಟು, ರಾಣೆಬೆನ್ನೂರು ದಾಟಿ, ಪುಣೆ ಮುಟ್ಟಿ, ಮತ್ತೆ ಬೆಂಗಳೂರಿಗೆ ಬಂದಷ್ಟು ದೂರ! ಹಗಲು ಶುರುವಾದ ಓಟ ಮುಗಿಯುವುದು ಕಗ್ಗತ್ತಲಲ್ಲಿ.

ಎಲ್ಲ ಕಾರೂ ಒಂದೇ ನಮೂನೆಯವಲ್ಲ. ಓಟಕ್ಕೆಂದೇ ಕಟ್ಟಿದ, ಬಾಣದಂತೆ ಹಾರುವ ಕಾರುಗಳು ಒಂದು ವರ್ಗ. ಅಂಗಡಿಯಲ್ಲಿ ಮಾರುವ ಕಾರಿನ ರೂಪದಲ್ಲೇ ತಯಾರಾದ, ತುಸು ನಿಧಾನದವು ಇನ್ನೊಂದು ವರ್ಗ. ಎಲ್ಲವೂ ಒಂದೇ ದಾರಿಯಲ್ಲಿ ಒಟ್ಟಿಗೇ ಓಡುತ್ತವೆ. ಪಿ.ಬಿ. ರಸ್ತೆಯಲ್ಲಿ ಕಾರು, ಬಸ್ಸು, ಕಬ್ಬಿನ ಟ್ರ್ಯಾಕ್ಟರು ಒಟ್ಟಿಗೆ ಸಾಗುವುದಿಲ್ಲವೇ, ಹಾಗೆ. ವೇಗದವನು ನಿಧಾನದವನನ್ನು ತಾಸಿಗೆ ಹತ್ತಾರು ಸಲ ದಾಟಬೇಕು, ಅದೂ ಕತ್ತಲಲ್ಲಿ. ಮೈಯೆಲ್ಲ ಕಣ್ಣಾಗಿರಬೇಕು.

ಹಾಗಾದರೆ ಗೆಲ್ಲುವವರು ಯಾರು? ಅತಿ ಜೋರಾಗಿ ಓಡಿಸಿದವನು ಅಂದುಕೊಂಡರೆ ತಪ್ಪು. 2015ರ ಓಟ ನೋಡಿ. ಮಳೆಯೋ ಮಳೆ. ಬಾಣದಂಥ ಕಾರುಗಳೆಲ್ಲ ಜಾರಿ ತಡವರಿಸುತ್ತಿರುವಾಗ ಎರಡನೇ ವರ್ಗದ ಒಂದು ಪೋರ್ಷೆ 911 ಕಾರು ಎಲ್ಲರನ್ನೂ ಹಿಂದೆ ಹಾಕಿ ಇಡೀ ಓಟವನ್ನೇ ಗೆದ್ದುಬಿಟ್ಟಿತು. ನಿಕ್ ಟ್ಯಾಂಡಿ, ಪ್ಯಾಟ್ರಿಕ್ ಪಿಲೇ, ರಿಚರ್ಡ್ ಲೀಟ್ಜ್ ಅದರ ಚಾಲಕರು. ಮಳೆ ಬಿಡದ್ದರಿಂದ ಓಟವನ್ನು ಹತ್ತು ತಾಸಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆ ಅಲ್ಲಿಗೂ ಸಲ್ಲುತ್ತದೆ.

2024ರಲ್ಲಿ ಓಟ ಗೆದ್ದದ್ದು ಬೋರ್ಡೆ, ವ್ಯಾನ್ ಡರ್ ಜಾಂಡೆ, ಡಿಕ್ಸನ್ ಮೂವರೂ ಸರದಿಯ ಮೇಲೆ ಓಡಿಸಿದ ಕ್ಯಾಡಿಲ್ಯಾಕ್ ಕಾರು. ಆದರೆ ವರ್ಷದ ಚಾಂಪಿಯನ್ ಪಟ್ಟ ಹೋದದ್ದು ಪೋರ್ಷೆ ತಂಡದ ಡೇನ್ ಕ್ಯಾಮೆರಾನ್ ಮತ್ತು ಫೆಲಿಪೆ ನಾಸರ್ ಅವರಿಗೆ. ಒಂದು ದಿನದ ಗೆಲುವು ಬೇರೆ, ವರ್ಷವಿಡೀ ಕೆಡದೆ ಬಾಳಿದ್ದರ ಗೆಲುವು ಬೇರೆ.

ಸೀಟು ಬಿಟ್ಟು ಇಳಿಯಲೇಬೇಕು

ಇಲ್ಲಿ ನಮ್ಮ ಡ್ರೈವರುಗಳೂ ಮಾಲೀಕರೂ ಕಿವಿಗೊಟ್ಟು ಕೇಳಬೇಕಾದ ಮಾತೊಂದಿದೆ. ಆ ಓಟದಲ್ಲಿ ಒಂದು ಕಾರಿಗೆ ಒಬ್ಬನೇ ಡ್ರೈವರ್ ಎಂಬುದಿಲ್ಲ. ಯಾವ ಡ್ರೈವರೂ ಆರು ತಾಸಿನ ಅವಧಿಯಲ್ಲಿ ನಾಲ್ಕು ತಾಸಿಗಿಂತ ಹೆಚ್ಚು ಹೊತ್ತು ಓಡಿಸುವಂತಿಲ್ಲ. ಅದು ಬಾಯಿಮಾತಿನ ಬುದ್ಧಿವಾದವಲ್ಲ, ನಿಯಮ. ಮೀರಿದರೆ ಶಿಕ್ಷೆ. ಕಾರು ಪಿಟ್ ಎಂಬ ಜಾಗಕ್ಕೆ ಬಂದು ನಿಲ್ಲುತ್ತದೆ. ಒಬ್ಬ ಎಣ್ಣೆ ತುಂಬುತ್ತಾನೆ, ಇನ್ನಿಬ್ಬರು ಗಾಲಿ ಬದಲಿಸುತ್ತಾರೆ. ಅಷ್ಟರೊಳಗೆ ದಣಿದವನು ಇಳಿದು, ವಿಶ್ರಾಂತಿ ಪಡೆದವನು ಹತ್ತಿ ಪಟ್ಟಿ ಬಿಗಿದುಕೊಂಡಾಗಿರುತ್ತದೆ. ಎಲ್ಲ ಒಂದು ನಿಮಿಷದ ಆಸುಪಾಸಿನ ಕೆಲಸ. ಡ್ರೈವರನ ನಿದ್ದೆಯನ್ನೂ ಟೈರು, ಎಣ್ಣೆಯಂತೆಯೇ ಲೆಕ್ಕಕ್ಕೆ ಹಿಡಿದಿರುತ್ತಾರೆ.

ಈ ಬುದ್ಧಿ ಅವರಿಗೂ ಪುಕ್ಕಟೆ ಬಂದದ್ದಲ್ಲ. 1952ರ ಲೆ ಮಾನ್ ಓಟದಲ್ಲಿ ಪಿಯೆರ್ ಲೆವೇ ಎಂಬ ಫ್ರೆಂಚ್ ಚಾಲಕ ಹಟ ತೊಟ್ಟ. ಜೊತೆಗಾರ ಸಿದ್ಧನಾಗಿ ನಿಂತಿದ್ದರೂ ಸ್ಟಿಯರಿಂಗ್ ಕೊಡಲಿಲ್ಲ. ಇಪ್ಪತ್ತಮೂರು ತಾಸಿನ ಹತ್ತಿರ ಒಬ್ಬನೇ ಓಡಿಸಿದ! ಎರಡನೆಯವರಿಗಿಂತ ನಾಲ್ಕು ಸುತ್ತು ಮುಂದಿದ್ದ. ಇನ್ನೇನು ಒಂದು ತಾಸು ಚಿಲ್ಲರೆ ಉಳಿದಿತ್ತು, ಟಾಲ್ಬೋ ಕಾರಿನ ಎಂಜಿನ್ ಮುರಿದು ಕೂತಿತು. ದಣಿದ ಕೈ ಗೇರು ತಪ್ಪಿ ಹಾಕಿತು ಅನ್ನುವವರಿದ್ದಾರೆ, ಎಂಜಿನ್ ಮೊದಲೇ ಕೈಕೊಟ್ಟಿತ್ತು ಅನ್ನುವವರೂ ಇದ್ದಾರೆ. ಮೊದಲೆರಡು ಸ್ಥಾನ ಮರ್ಸಿಡಿಸ್ ಕಾರುಗಳ ಪಾಲಾಯಿತು. ಒಬ್ಬನೇ ಇಷ್ಟು ಹೊತ್ತು ಓಡಿಸುವುದಕ್ಕೆ ಅಲ್ಲಿಂದ ಮುಂದೆ ಕಡಿವಾಣ ಬಿತ್ತು.

ನಮ್ಮವರೇನೂ ಈ ಆಟಕ್ಕೆ ಹೊರಗಿನವರಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1975ರಲ್ಲೇ ಕೆ-1000 ರ‍್ಯಾಲಿ ಶುರು ಮಾಡಿತು. ಬೆಂಗಳೂರಿನ ಹುಡುಗ ಅರ್ಜುನ್ ಮೈನಿ 2019ರಲ್ಲಿ ಲೆ ಮಾನ್‌ನ 24 ತಾಸಿನ ಓಟಕ್ಕೇ ಇಳಿದ, ಇಬ್ಬರು ಜೊತೆಗಾರರೊಂದಿಗೆ. ರ‍್ಯಾಲಿಯಲ್ಲಂತೂ ಪಕ್ಕದಲ್ಲೊಬ್ಬ ಕೂತು ಮುಂದಿನ ತಿರುವು ಎಂಥದೆಂದು ಓದಿ ಹೇಳುತ್ತಲೇ ಇರಬೇಕು. ಹಾಗೆ ಹೇಳುವುದರಲ್ಲಿ ಕಾಸರಗೋಡಿನ ಮೊಗ್ರಾಲ್‌ನ ಮೂಸಾ ಶರೀಫ್ ದೇಶಕ್ಕೇ ಹೆಸರಾದವರು. ಆಟದ ಕಾರಿನಲ್ಲೂ ಇಬ್ಬರ ತಲೆ ಬೇಕು ಅಂದ ಹಾಗಾಯಿತು.

ನಮ್ಮ ರಸ್ತೆಯ ಲೆಕ್ಕ

ಈಗ ನಮ್ಮ ಹೆದ್ದಾರಿಗೆ ಬನ್ನಿ. ಹಿಂದೆ ನಾಲ್ಕನೇ ನಂಬರು, ಈಗ 48. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರು. ಹಿಂದಿನ ರಾತ್ರಿಯೇ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಚೀಲ ಹೊತ್ತ ಲಾರಿಗಳ ಸಾಲು. ಹೊತ್ತಿಗೆ ಸರಿಯಾಗಿ ಮುಟ್ಟಿಸದಿದ್ದರೆ ಬಾಡಿಗೆಗೆ ಕತ್ತರಿ. "ಎಲ್ಲಿದ್ದೀಯೋ, ಇನ್ನೂ ಯಾಕ ಬಂದಿಲ್ಲ?" ಎಂದು ಮಾಲೀಕನ ಫೋನು ಮೇಲೆ ಫೋನು. "ನಿದ್ದಿ ಮಾಡೀ ಏನಪಾ?" ಎಂದು ಕೇಳುವ ಫೋನು ಮಾತ್ರ ಅಪರೂಪ. ಮೊದಲು ಪಕ್ಕದಲ್ಲಿ ಕ್ಲೀನರ್ ಹುಡುಗನೊಬ್ಬನಾದರೂ ಮಾತಿಗೆ ಇರುತ್ತಿದ್ದ. ಎಷ್ಟೋ ಲಾರಿಗಳಲ್ಲಿ ಈಗ ಅವನೂ ಇಲ್ಲ. ಚಹಾ, ಗುಟ್ಕಾ, ಜೋರು ಹಾಡು, ಇವೇ ಸಂಗಾತಿ.

ಕಾನೂನು ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ತಾಸು ಎಂದು ಗೊತ್ತು ಮಾಡಿತ್ತು. ಐದು ತಾಸು ದುಡಿದರೆ ನಡುವೆ ಅರ್ಧ ತಾಸಾದರೂ ವಿಶ್ರಾಂತಿ ಕೊಡಬೇಕೆಂದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಆ ಕಾಯ್ದೆ ಸೇರಿಹೋಗಿದೆ. ಅಲ್ಲಿಯೂ ದಿನಕ್ಕೆ ಎಂಟು ತಾಸಿನ ಲೆಕ್ಕವೇ. ಕಾಗದದ ಮೇಲೆ ಎಲ್ಲ ಚೆಂದ! ರಾತ್ರಿ ಚೆಕ್‌ಪೋಸ್ಟಿನಲ್ಲಿ ಲೈಸೆನ್ಸು ಕೇಳುತ್ತಾರೆ, ಇನ್ಶೂರೆನ್ಸು ಕೇಳುತ್ತಾರೆ, ತೂಕ ಕೇಳುತ್ತಾರೆ. "ಎಷ್ಟೊತ್ತಿನಿಂದ ಓಡಿಸಾಕತ್ತೀ?" ಎಂದು ಕೇಳುವವರು ಯಾರು?

ಅದು ಸಾಲದೆಂಬಂತೆ ಇನ್ನೊಂದು. ರಾಷ್ಟ್ರೀಯ ಪರ್ಮಿಟ್ ಇರುವ ಲಾರಿಗೆ ಇಬ್ಬರು ಡ್ರೈವರುಗಳಿರಬೇಕೆಂಬ ನಿಯಮ ಮೊದಲಿತ್ತು. 2018ರಲ್ಲಿ ಕೇಂದ್ರ ಸರಕಾರ ಅದನ್ನು ತೆಗೆದುಹಾಕಿತು, ಒಬ್ಬನಿದ್ದರೂ ನಡೆಯುತ್ತದೆ ಎಂದಿತು. ಅಲ್ಲಿ ಕಪ್ಪು ಗೆಲ್ಲುವ ಆಟಕ್ಕೆ ಮೂವರು, ಇಲ್ಲಿ ಹೊಟ್ಟೆಪಾಡಿನ ಸಾವಿರಾರು ಕಿಲೋಮೀಟರಿಗೆ ಒಬ್ಬ. ಯಾರ ಲೆಕ್ಕ ಸರಿ, ಹೇಳಿ?

ಗುಂಡೇನಹಳ್ಳಿ ಕ್ರಾಸ್

2024ರ ಜೂನ್ 28ನ್ನು ಈ ಜಿಲ್ಲೆ ಮರೆಯುವಂತಿಲ್ಲ. ಬೆಳಗಿನ ಜಾವ ನಾಲ್ಕರ ಸುಮಾರು. ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಒಂದು ಹಿಂದಿನಿಂದ ಅಪ್ಪಳಿಸಿತು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯ ಜನ. ಹದಿಮೂರು ಜೀವ ಹೋಯಿತು.

ತಪ್ಪು ಯಾರದು, ಏಕಾಯಿತು ಎಂದು ತೀರ್ಪು ಕೊಡುವುದು ಈ ಅಂಕಣದ ಕೆಲಸವಲ್ಲ. ಆದರೆ ಹೊತ್ತು ನೋಡಿ. ನಸುಕಿನ ಮೂರರಿಂದ ಐದು. ಮನುಷ್ಯನ ಮೈ ತಾನಾಗಿ ನಿದ್ದೆಗೆ ಜಾರುವ ಹೊತ್ತದು. ಎಂಥ ಗಟ್ಟಿಗನ ರೆಪ್ಪೆಯೂ ಆಗ ಮಾತು ಕೇಳುವುದಿಲ್ಲ. ತಾಸಿಗೆ ಎಂಬತ್ತು ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಇಪ್ಪತ್ತೆರಡು ಮೀಟರ್ ಹೋಗುತ್ತದೆ. ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಅರವತ್ತಾರು ಮೀಟರ್, ಅಷ್ಟೂ ದೂರ ಗಾಡಿಗೆ ಯಜಮಾನನೇ ಇಲ್ಲ. ರೇಸಿನ ದಾರಿಯಲ್ಲಿ ಕಾರೊಂದು ಕೆಟ್ಟು ನಿಂತರೆ ತಕ್ಷಣ ಹಳದಿ ದೀಪ, ಹಳದಿ ಬಾವುಟ. ಎಲ್ಲರೂ ವೇಗ ಇಳಿಸಬೇಕು, ಮುಂದಿನವನನ್ನು ದಾಟುವಂತಿಲ್ಲ. ನಮ್ಮಲ್ಲಿ ಕತ್ತಲಲ್ಲಿ ನಿಂತ ಲಾರಿಯ ಹಿಂದೆ ಎಷ್ಟೋ ಸಲ ಕಲ್ಲೊಂದು, ಗಿಡದ ಟೊಂಗೆಯೊಂದು. ಅದೇ ಸಿಗ್ನಲ್ಲು!

ಏನು ಮಾಡಬಹುದು?

ಹೆದ್ದಾರಿಯ ಮಗ್ಗುಲಲ್ಲಿ ಡ್ರೈವರು ಗಾಡಿ ನಿಲ್ಲಿಸಿ ಮಲಗುವುದು ಮೋಜಿಗಲ್ಲ, ಬೇರೆ ಜಾಗವಿಲ್ಲದ್ದಕ್ಕೆ. ಟೋಲ್ ವಸೂಲಿ ಮಾಡುವವರು ದೀಪ, ನೀರು, ಶೌಚಾಲಯ, ಕಾವಲು ಇರುವ ತಂಗುದಾಣಗಳನ್ನು ಸಾಕಷ್ಟು ಮಾಡಿಕೊಡಲಿ. ಮಾರುಕಟ್ಟೆ ಸಮಿತಿಗಳು ಪ್ರಾಂಗಣದಲ್ಲೇ ಚಾಲಕರಿಗೆ ಮಲಗುವ ಕೋಣೆ ಕಟ್ಟಲಿ. ರೈತನ ಮಾಲಿಗೆ ಗೋದಾಮು ಇರುವಾಗ ಅದನ್ನು ತಂದವನಿಗೆ ಒಂದು ಮಂಚ ಹೆಚ್ಚಾಗಲಾರದು. ಈಗ ತಯಾರಾಗುವ ಹೊಸ ಲಾರಿಗಳ ಕ್ಯಾಬಿನ್‌ಗೆ ಏ.ಸಿ. ಕಡ್ಡಾಯವಾಗಿದೆ, ಒಳ್ಳೆಯದೇ. ಆದರೆ ತಂಪು ಗಾಳಿ ನಿದ್ದೆಗೆ ಬದಲಿಯಲ್ಲ.

ಮಾಲೀಕರಿಗೊಂದು ಮಾತು. ಎರಡನೇ ಡ್ರೈವರನ ಪಗಾರ ಭಾರವೆನಿಸುವುದು ನಿಜ. ಬಾಡಿಗೆ ಏರಿಲ್ಲ, ಡೀಸೆಲ್ ಇಳಿದಿಲ್ಲ, ಸಾಲದ ಕಂತು ತಪ್ಪಿಲ್ಲ. ಆದರೂ ರಾತ್ರಿ ಪಾಳಿಯ ದೂರದ ಬಾಡಿಗೆಗಾದರೂ ಇಬ್ಬರನ್ನು ಕಳಿಸಿ. ಆಗದಿದ್ದರೆ ನಸುಕಿನ ಎರಡು ತಾಸು ಗಾಡಿ ನಿಲ್ಲಿಸಲು ನೀವೇ ಹೇಳಿ, ಆ ಹೊತ್ತಿನಲ್ಲಿ ಫೋನು ಮಾಡಬೇಡಿ. ಪ್ರವಾಸಕ್ಕೆ, ಜಾತ್ರೆಗೆ ಗಾಡಿ ಗೊತ್ತು ಮಾಡುವವರೂ ಬಾಡಿಗೆ ಚೌಕಾಸಿಗೆ ಮೊದಲು ಡ್ರೈವರಿಗೆ ನಿದ್ದೆಯಾಗಿದೆಯೇ ಎಂದು ವಿಚಾರಿಸಿಕೊಳ್ಳಿ.

ಗಾಲಿಯ ಕೆಳಗಿನ ಲಿಂಬೆಹಣ್ಣು ಗಾಡಿಯನ್ನು ಕಾಯುತ್ತದೆ ಎಂದು ನಂಬುವವರು ನಂಬಲಿ. ಅದನ್ನು ಓಡಿಸುವವನನ್ನು ಕಾಯುವುದು ನಾಲ್ಕು ತಾಸಿನ ನಿದ್ದೆ. ಅದನ್ನು ಕೊಡಲು ಕಾರಣಿಕ ಕೇಳಬೇಕಾಗಿಲ್ಲ.